ಪಂಪಿನ ಕಂಡೆನ್ಸರನ್ನು ಮೀಟರಿನಿಂದ ಪರೀಕ್ಷಿಸುವ ಬಗೆ

ಕೃಷ್ಣಾ ತೀರದ ಬಾಗೇವಾಡಿ ಸೀಮೆಯಲ್ಲಿ ಮಸೂತಿಯ ಹೆಸರು ಈಚಿನ ವರ್ಷಗಳಲ್ಲಿ ನೀರೆತ್ತುವ ಯಂತ್ರಗಳ ಜೊತೆಗೆ ಕೂಡಿಕೊಂಡು ಬಂದಿದೆ. ಆಲಮಟ್ಟಿಯ ಹಿನ್ನೀರನ್ನು ಮೇಲಿನ ಎರೆಭೂಮಿಗಳಿಗೆ ಮುಟ್ಟಿಸುವ ಮುಳವಾಡ ಏತ ನೀರಾವರಿಯ ಜಾಕ್‌ವೆಲ್ಲುಗಳಲ್ಲಿ ಒಂದು ಇಲ್ಲಿಯದು. ನೆರೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳು ಸೇರಿ 2,400 ಮೆಗಾವ್ಯಾಟ್ ವಿದ್ಯುಚ್ಛಕ್ತಿಯನ್ನು ಹುಟ್ಟಿಸಬಲ್ಲವು. ಇಷ್ಟಾದರೂ ಕಾಲುವೆ ಮುಟ್ಟದ ಹೊಲದ ಒಕ್ಕಲಿಗನಿಗೆ ತನ್ನ ಕೊಳವೆ ಬಾವಿಯೇ ಗತಿ. ತೋಟದ ಮನೆಯ ಕುಡಿಯುವ ನೀರು, ದನಗಳ ತೊಟ್ಟಿ, ಉಳ್ಳಾಗಡ್ಡಿಯ ಸಸಿಮಡಿ ಇವೆಲ್ಲ ಒಂದು ಅಥವಾ ಒಂದೂವರೆ ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರನ್ನು ನಂಬಿಕೊಂಡಿರುವವು. ಆ ಮೋಟಾರು ಏಳುವದೋ ಏಳದೋ ಎಂಬದು ಸ್ಟಾರ್ಟರ್ ಪೆಟ್ಟಿಗೆಯೊಳಗಿನ, ಮುಷ್ಟಿಯಲ್ಲಿ ಹಿಡಿಯಬಹುದಾದ ಒಂದು ಕರಿಯ ಡಬ್ಬಿಯ ಮೇಲೆ ನಿಂತಿರುವದು. ಅದಕ್ಕೆ ಪೇಟೆಯಲ್ಲಿ ಕಂಡೆನ್ಸರೆಂದೂ ಪುಸ್ತಕಗಳಲ್ಲಿ ಕೆಪ್ಯಾಸಿಟರೆಂದೂ ಹೆಸರು.

ಈ ಡಬ್ಬಿ ಕೆಟ್ಟಾಗ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವದು ಹೀಗೆ. ಗುಂಡಿಯನ್ನು ಒತ್ತಿದರೆ ಮೋಟಾರು ಗುಂಯ್ ಎಂದು ಸದ್ದು ಮಾಡುವದು, ನೀರು ಬರುವದಿಲ್ಲ. ಅಂಪಿಯರಿನ ಮುಳ್ಳು ತುದಿಗೆ ಏರುವದು, ತುಸು ಹೊತ್ತಿನಲ್ಲಿ ಕರೆಂಟು ತಾನೇ ಕಡಿಯುವದು. ನೋಡಿದವರು ಮೋಟಾರು ಸುಟ್ಟಿತೆಂದು ತೀರ್ಪು ಕೊಡುವರು. ಮರುದಿನ ಮುಕ್ಕಾಲಿ ಬರುವದು, ಆಳು ಬರುವರು, ನೂರಾರು ಅಡಿ ಪೈಪನ್ನು ಒಂದೊಂದಾಗಿ ಬಿಚ್ಚಿ ಮೋಟಾರನ್ನು ಮೇಲೆತ್ತಿ ವೈಂಡಿಂಗಿಗೆ ಕಳಿಸುವರು. ನಾಲ್ಕೈದು ದಿನಗಳು ಹೋಗುವವು. ಎಪ್ರಿಲ್ ತಿಂಗಳಿನ ಬಿಸಿಲಿನಲ್ಲಿ ಆ ನಾಲ್ಕೈದು ದಿನಗಳೆಂದರೆ ಏನೆಂಬದನ್ನು ಬೇಸಾಯಗಾರರಿಗೆ ಹೇಳಬೇಕಾದುದಿಲ್ಲ. ಕಡೆಗೆ ಹೊಸ ತಂತಿ ಸುತ್ತಿಸಿದ ಮೋಟಾರನ್ನು ಇಳಿಸಿ ಗುಂಡಿ ಒತ್ತಿದರೆ ಮತ್ತೆ ಅದೇ ಗುಂಯ್ ಸದ್ದು! ಕೆಲವು ನೂರು ರೂಪಾಯಿಗಳ ಕಂಡೆನ್ಸರಿಗಾಗಿ ಹಲವು ಸಾವಿರ ರೂಪಾಯಿಗಳು ಬಾವಿಗೆ ಸುರಿದಂತಾಗುವದು. ಮೋಟಾರು ನಿಜವಾಗಿ ಸುಡುವದೂ ಉಂಟು, ಪಂಪಿನಲ್ಲಿ ಉಸುಕು ಸಿಕ್ಕುವದೂ ಉಂಟು. ಆದರೆ ಪೈಪಿಗೆ ಕೈಹಚ್ಚುವ ಮುಂಚೆ ಹತ್ತು ನಿಮಿಷ ಕಂಡೆನ್ಸರನ್ನು ಪರೀಕ್ಷಿಸದೆ ಇರುವದು ಜಾಣತನವಲ್ಲ.

ಸಿಂಗಲ್ ಫೇಸ್ ಮೋಟಾರು ತಾನಾಗಿ ತಿರುಗಲಾರದು. ಬೀಸುವ ಕಲ್ಲಿನ ಗೂಟವನ್ನು ಒಬ್ಬಳು ನೇರವಾಗಿ ಮುಂದಕ್ಕೂ ಹಿಂದಕ್ಕೂ ಮಾತ್ರ ಎಳೆದರೆ ಕಲ್ಲು ಅಲ್ಲಿಯೇ ತುಯ್ಯುವದೇ ಹೊರತು ಸುತ್ತುವದಿಲ್ಲ. ಎದುರಿಗೆ ಕುಳಿತ ಇನ್ನೊಬ್ಬಳು ಸಮಯವರಿತು ಅಡ್ಡಲಾಗಿ ಒಂದು ನೂಕು ಕೊಟ್ಟರೆ ಆಗ ಅದು ಸುತ್ತಲು ತೊಡಗುವದು. ಮೋಟಾರಿನಲ್ಲಿ ಈ ಎರಡನೆಯ ನೂಕನ್ನು ಬೇರೊಂದು ಸುತ್ತು ತಂತಿ ಕೊಡುವದು. ಆ ನೂಕು ಮೊದಲನೆಯದಕ್ಕಿಂತ ತುಸು ಮುಂಚಿತವಾಗಿ ಬೀಳುವಂತೆ ಮಾಡುವದೇ ಕಂಡೆನ್ಸರಿನ ಕೆಲಸ. ಕೊಳವೆ ಬಾವಿಯ ಪೆಟ್ಟಿಗೆಯಲ್ಲಿ ಬಹುಮಟ್ಟಿಗೆ ಎರಡು ಕಂಡೆನ್ಸರುಗಳಿರುವವು. ಒಂದು ಮೋಟಾರು ತಿರುಗುತ್ತಿರುವವರೆಗೂ ಕೆಲಸದಲ್ಲಿರುವ ರನ್ ಕಂಡೆನ್ಸರು. ಇದು ಪ್ಲಾಸ್ಟಿಕ್ ಪೊರೆಯಿಂದ ಮಾಡಿದ್ದು. ಇನ್ನೊಂದು ಮೋಟಾರು ಏಳುವ ಒಂದೆರಡು ಸೆಕೆಂಡು ಮಾತ್ರ ಕೆಲಸಕ್ಕೆ ಬಂದು ಬಿಟ್ಟುಹೋಗುವ ಸ್ಟಾರ್ಟ್ ಕಂಡೆನ್ಸರು. ಇದು ಎಲೆಕ್ಟ್ರೋಲಿಟಿಕ್ ಜಾತಿಯದು. ಹೆಚ್ಚಾಗಿ ಕೆಡುವದೂ ಇದೇ.

ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಒಳಗೆ ಅಲ್ಯುಮಿನಿಯಮ್ಮಿನ ಎರಡು ತೆಳು ಹಾಳೆಗಳು, ಅವುಗಳ ನಡುವೆ ರಸದಲ್ಲಿ ನೆನೆಸಿದ ಕಾಗದ, ಇವೆಲ್ಲವನ್ನೂ ಚಾಪೆಯಂತೆ ಸುತ್ತಿ ಡಬ್ಬಿಯಲ್ಲಿ ಮುಚ್ಚಿರುವರು. ವಿದ್ಯುತ್ತನ್ನು ತಡೆಯುವ ಪೊರೆ ಕಾಗದವಲ್ಲ. ಹಾಳೆಯ ಮೈಮೇಲೆ ಬೆಳೆಸಿದ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆಕ್ಸೈಡ್ ಪದರವೇ ಆ ಪೊರೆ. ಪೊರೆ ತೆಳುವಾದಷ್ಟೂ ಚಿಕ್ಕ ಡಬ್ಬಿಯಲ್ಲಿ ಹೆಚ್ಚು ವಿದ್ಯುತ್ತು ಹಿಡಿಯುವದರಿಂದ ಈ ಜಾತಿಯು ಜನಪ್ರಿಯವಾಯಿತು. ಚಾರ್ಲ್ಸ್ ಪೊಲಾಕ್ ಎಂಬವರು 1896ರಲ್ಲಿ ಇದರ ಮೂಲ ಕಲ್ಪನೆಗೆ ಪೇಟೆಂಟನ್ನು ಕೋರಿದರು. ಅಂದಿನದು ದ್ರವ ತುಂಬಿದ ಪಾತ್ರೆ, ಸುರುಳಿಯ ರೂಪವು ಆಮೇಲಿನದು. ಒಳಗಿನ ರಸವು ಆರಿತೆಂದರೆ ಕಂಡೆನ್ಸರಿನ ಶಕ್ತಿ ಕುಂದಿತೆಂದೇ ತಿಳಿಯತಕ್ಕದ್ದು. ಡಬ್ಬಿಯ ಕಾವು 10 ಡಿಗ್ರಿ ಸೆಂಟಿಗ್ರೇಡ್ ಏರಿದಂತೆಲ್ಲ ಅದರ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುವದೆಂಬದು ಎಲ್ಲ ತಯಾರಕರೂ ಒಪ್ಪುವ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ, ನೆರಳಿಲ್ಲದ ಕಂಬಕ್ಕೆ ಕಟ್ಟಿದ ತಗಡಿನ ಪೆಟ್ಟಿಗೆಯೊಳಗೆ ಈ ಡಬ್ಬಿ ಎಷ್ಟು ದಿನ ಬಾಳೀತೆಂಬದನ್ನು ಯಾರಾದರೂ ಊಹಿಸಬಹುದು.

ಪರೀಕ್ಷೆಯ ಮಾತಿಗೆ ಮುಂಚೆ ಪ್ರಾಣದ ಮಾತು. ಕರೆಂಟು ತೆಗೆದ ಮೇಲೆಯೂ ಕಂಡೆನ್ಸರಿನೊಳಗೆ ವಿದ್ಯುತ್ತು ಉಳಿದಿರಬಹುದು. 230 ವೋಲ್ಟೆಂದು ಹೆಸರಾದ ಕರೆಂಟು ತನ್ನ ಪ್ರತಿಯೊಂದು ಅಲೆಯ ತುದಿಯಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುವದು. ಸ್ವಿಚ್ಚು ತೆಗೆದ ಗಳಿಗೆಯನ್ನನುಸರಿಸಿ ಅಷ್ಟೂ ವೋಲ್ಟು, ಕೆಲವು ವೇಳೆ ಅದಕ್ಕೂ ಹೆಚ್ಚು, ಡಬ್ಬಿಯಲ್ಲಿ ನಿಲ್ಲುವ ಸಂಭವವುಂಟು. ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವನಿಗೆ ಇದು ಆಟದ ಮಾತಲ್ಲ. ಎರಡನೆಯ ಅಪಾಯವು ಇದಕ್ಕಿಂತ ದೊಡ್ಡದು. ಹಳ್ಳಿಯ ಪಂಪಿನ ಲೈನಿಗೆ ಕರೆಂಟು ಬರುವ ಹೊತ್ತು ನಿಶ್ಚಯವಿಲ್ಲ. ಅನೇಕ ಪೆಟ್ಟಿಗೆಗಳಲ್ಲಿ ಕರೆಂಟು ಬಂದೊಡನೆ ಮೋಟಾರನ್ನು ಎಬ್ಬಿಸುವ ಆಟೋ ಸ್ಟಾರ್ಟರು ಸಹ ಇರುವದು. ‘ಈಗ ಕರೆಂಟಿಲ್ಲ’ ಎಂದು ಪೆಟ್ಟಿಗೆಯೊಳಗೆ ಕೈಯಿಟ್ಟವನ ಕೈಗೇ ಕರೆಂಟು ಬರಬಹುದು. ಆದಕಾರಣ ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಜುಗಳನ್ನು ಕಿತ್ತು, ಅವುಗಳನ್ನು ಕೆಲಸ ಮಾಡುವವನು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಪೆಟ್ಟಿಗೆಯ ಮೇಲಿಟ್ಟ ಫ್ಯೂಜನ್ನು ಇನ್ನೊಬ್ಬನು ಸಹಾಯಮಾಡಲೆಂದು ತಿರುಗಿ ಹಾಕುವದುಂಟು.

ಬಳಿಕ ಡಬ್ಬಿಯಲ್ಲಿ ನಿಂತ ವಿದ್ಯುತ್ತನ್ನು ಇಳಿಸಬೇಕು. ಸ್ಕ್ರೂ ಡ್ರೈವರನ್ನು ಎರಡು ಮೊಳೆಗಳ ಮೇಲೆ ಅಡ್ಡವಾಗಿಟ್ಟು ಟಪ್ಪೆಂದು ಕಿಡಿ ಹಾರಿಸುವದು ಬಹು ಕಡೆ ರೂಢಿಯಲ್ಲಿದೆ. ಇದು ಒಳ್ಳೆಯ ರೂಢಿಯಲ್ಲ. ಕಿಡಿಯು ಕಣ್ಣಿಗೆ ಹಾರಬಹುದು, ಡಬ್ಬಿಯ ಒಳಗಿನ ಬೆಸುಗೆಗೂ ಪೆಟ್ಟು ಬೀಳುವದು. ಹೋಲ್ಡರಿಗೆ ಹಾಕಿದ 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬಿನ ಎರಡು ವಾಯರುಗಳನ್ನು, ರಬ್ಬರು ಹೊದಿಕೆಯ ಭಾಗದಲ್ಲಿ ಹಿಡಿದು, ಕಂಡೆನ್ಸರಿನ ಎರಡು ತುದಿಗಳಿಗೆ ಐದಾರು ಸೆಕೆಂಡು ಮುಟ್ಟಿಸಿದರೆ ಸಾಕು. ವಿದ್ಯುತ್ತು ನಿಂತಿದ್ದರೆ ಬಲ್ಬು ಒಮ್ಮೆ ಮಿಣುಕುವದು. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ಆಮೇಲೆ ಮೀಟರನ್ನು ಡಿ.ಸಿ. ವೋಲ್ಟಿನ ದೊಡ್ಡ ಅಳತೆಯಲ್ಲಿಟ್ಟು ತುದಿಗಳಿಗೆ ಹಚ್ಚಿ ನೋಡತಕ್ಕದ್ದು. ಓದು ಒಂದೆರಡು ವೋಲ್ಟಿಗೆ ಇಳಿದಿದ್ದರೆ ಮಾತ್ರ ಬರಿಗೈಯಿಂದ ಮುಟ್ಟಬಹುದು. ವಿದ್ಯುತ್ತು ನಿಂತಿರುವ ಕಂಡೆನ್ಸರಿಗೆ ಓಮ್ ಅಳತೆಯ ಮೀಟರನ್ನು ಹಚ್ಚಿದರೆ ಮೀಟರೇ ಸುಡುವದು.

ತಂತಿ ಬಿಚ್ಚುವ ಮುಂಚೆ ಯಾವದು ಎಲ್ಲಿತ್ತೆಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಆಮೇಲಿನ ಗೊಂದಲ ತಪ್ಪುವದು. ಕಂಡೆನ್ಸರನ್ನು ಪೆಟ್ಟಿಗೆಯಿಂದ ಬಿಡಿಸಿಯೇ ಪರೀಕ್ಷಿಸಬೇಕು. ತಂತಿಗಳು ಹಚ್ಚಿದ್ದಂತೆಯೇ ಅಳೆದರೆ ಮೀಟರಿನ ವಿದ್ಯುತ್ತು ಮೋಟಾರಿನ ಸುತ್ತು ತಂತಿಯ ಮಾರ್ಗವಾಗಿ ಹರಿದು, ಒಳ್ಳೆಯ ಕಂಡೆನ್ಸರೂ ಕೆಟ್ಟಂತೆ ತೋರುವದು. ಬಿಡಿಸಿದ ಮೇಲೆ ಕಣ್ಣಿನ ಪರೀಕ್ಷೆ. ಮೇಲಿನ ಮುಚ್ಚಳವು ಉಬ್ಬಿದ್ದರೆ, ಗಾಳಿಗಂಡಿಯ ಬಿರಡೆ ಹಾರಿದ್ದರೆ, ಅಂಟಂಟಾದ ರಸವು ಸೋರಿದ್ದರೆ ಮೀಟರಿನ ಗೊಡವೆಯೇ ಬೇಡ, ಅದನ್ನು ಎಸೆಯತಕ್ಕದ್ದು. ಹೊರಗೆ ಚೆನ್ನಾಗಿ ಕಂಡ ಮಾತ್ರಕ್ಕೆ ಒಳ್ಳೆಯದೆಂದು ಮಾತ್ರ ತಿಳಿಯಕೂಡದು.

ಇನ್ನು ಮೀಟರು. ಅಂಪಿಯರು, ವೋಲ್ಟು, ಓಮ್ ಈ ಮೂರನ್ನೂ ಒಂದೇ ಪೆಟ್ಟಿಗೆಯಿಂದ ಅಳೆಯುವ ಆವೋ ಮೀಟರು 1923ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು; ಅಲ್ಲಿಯ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರು ಬೇರೆಬೇರೆ ಮೀಟರುಗಳನ್ನು ಹೊತ್ತು ಬೇಸತ್ತು ಅದನ್ನು ಕಲ್ಪಿಸಿದರೆಂದು ಹೇಳುವರು. ಇಂದಿನ ಮಲ್ಟಿಮೀಟರುಗಳೆಲ್ಲ ಅದರ ಸಂತತಿಯೇ. ಮುಳ್ಳಿನ ಮೀಟರು, ಅಂಕಿಯ ಮೀಟರು ಎಂದು ಎರಡು ಬಗೆ. ಅಂಕಿಯದು ಹೊಸದಾದರೂ ಕಂಡೆನ್ಸರಿನ ಒಳಗುಟ್ಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವದರಲ್ಲಿ ಮುಳ್ಳಿನದೇ ಮೇಲು.

ಮುಳ್ಳಿನ ಮೀಟರನ್ನು ಓಮ್ ಅಳತೆಯ ನೂರರ ಮಡಿಯಲ್ಲಿಟ್ಟು, ಎರಡು ಕಡ್ಡಿಗಳನ್ನು ಕೂಡಿಸಿ, ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಲ್ಲುವಂತೆ ಗುಬ್ಬಿಯನ್ನು ತಿರುಗಿಸಿಕೊಳ್ಳಬೇಕು. ಬಳಿಕ ಕಡ್ಡಿಗಳನ್ನು ಕಂಡೆನ್ಸರಿನ ಎರಡು ತುದಿಗಳಿಗೆ ಮುಟ್ಟಿಸತಕ್ಕದ್ದು. ಒಳ್ಳೆಯ ಕಂಡೆನ್ಸರಾದರೆ ಮುಳ್ಳು ಥಟ್ಟನೆ ಸೊನ್ನೆಯ ಕಡೆಗೆ ಹಾರಿ, ಆಮೇಲೆ ಮೆಲ್ಲಮೆಲ್ಲನೆ ಹಿಂದಿರುಗಿ ಅನಂತದ ಗುರುತಿನ ಹತ್ತಿರ ಬಂದು ನಿಲ್ಲುವದು. ಬರಿದಾದ ಕಂಡೆನ್ಸರು ಮೀಟರಿನ ಬ್ಯಾಟರಿಯಿಂದ ಮೊದಲು ಗಟಗಟನೆ ವಿದ್ಯುತ್ತನ್ನು ಕುಡಿದು, ಹೊಟ್ಟೆ ತುಂಬಿದಂತೆಲ್ಲ ಕಡಿಮೆ ಕಡಿಮೆ ಕುಡಿದು ಕಡೆಗೆ ಸುಮ್ಮನಾಗುವದೇ ಈ ಓಟದ ಅರ್ಥ. ಮುಳ್ಳು ಅಲುಗದೆಯೇ ಇದ್ದರೆ ಒಳಗಿನ ಸಂಬಂಧವು ಕಡಿದಿದೆ, ಇಲ್ಲವೆ ರಸವು ಪೂರಾ ಆರಿಹೋಗಿದೆ. ಸೊನ್ನೆಗೆ ಹಾರಿದ ಮುಳ್ಳು ಅಲ್ಲಿಯೇ ಬಿದ್ದುಕೊಂಡರೆ ಒಳಗೆ ಹಾಳೆಗಳು ಒಂದಕ್ಕೊಂದು ಕೂಡಿವೆ. ಅರ್ಧ ದಾರಿಯವರೆಗೆ ಹಿಂದಿರುಗಿ ಅಲ್ಲಿಯೇ ನಿಂತರೆ ಪೊರೆಯಲ್ಲಿ ವಿದ್ಯುತ್ತು ಸೋರುತ್ತಿದೆ.

ಇಷ್ಟು ಓದಿದವರು ತಾವೇ ಪರೀಕ್ಷೆ ಮಾಡಹೋಗಿ ಮೋಸಹೋಗುವ ಮೂರು ಸ್ಥಳಗಳುಂಟು. ಮೊದಲನೆಯದು ಮಡಿಯ ಆಯ್ಕೆ. ಓಮಿನ ಒಂದರ ಮಡಿಯಲ್ಲಿ ಅಳೆದರೆ 100 ಮೈಕ್ರೋಫ್ಯಾರಡಿನ ಕಂಡೆನ್ಸರು ಕಣ್ಣು ಮಿಟುಕಿಸುವದಕ್ಕೆ ಮುಂಚೆಯೇ ತುಂಬಿಬಿಡುವದು, ಮುಳ್ಳು ಹಾರಿದ್ದೇ ಕಾಣದು. ಸಾವಿರದ ಮಡಿಯಲ್ಲಾದರೆ ಮುಳ್ಳು ಹಿಂದಿರುಗಲು ಹತ್ತಾರು ಸೆಕೆಂಡು ಹಿಡಿಯುವದರಿಂದ ತಾಳ್ಮೆಯಿಲ್ಲದವನು ಅದನ್ನು ಸೋರಿಕೆಯೆಂದು ತಿಳಿಯುವನು. 30–40 ಮೈಕ್ರೋಫ್ಯಾರಡಿನ ರನ್ ಕಂಡೆನ್ಸರಿಗೆ ಮಾತ್ರ ಸಾವಿರದ ಮಡಿಯೇ ಅನುಕೂಲ. ಎರಡನೆಯದು, ಒಮ್ಮೆ ಪರೀಕ್ಷಿಸಿದ ಕಂಡೆನ್ಸರನ್ನು ಕೂಡಲೇ ಮತ್ತೊಮ್ಮೆ ಅದೇ ರೀತಿ ಪರೀಕ್ಷಿಸಿದರೆ ಮುಳ್ಳು ಏಳುವದಿಲ್ಲ; ಮೊದಲು ತುಂಬಿದ ವಿದ್ಯುತ್ತು ಇನ್ನೂ ಒಳಗೇ ಇರುವದೇ ಕಾರಣ. ಪಕ್ಕದವರಿಗೆ ತೋರಿಸಹೋಗಿ ‘ಈಗಿನ್ನೂ ಒಳ್ಳೆಯದಿತ್ತು, ಈಗ ಸತ್ತಿತು’ ಎಂದು ಗಾಬರಿಯಾಗುವದು ಇಲ್ಲಿಯೇ. ನಡುವೆ ತುದಿಗಳನ್ನು ಒಂದು ತಂತಿಯಿಂದ ಕೂಡಿಸಬೇಕು, ಇಲ್ಲವೆ ಕಡ್ಡಿಗಳನ್ನು ಅದಲುಬದಲು ಮಾಡಬೇಕು. ಬದಲು ಮಾಡಿದಾಗ ಮುಳ್ಳು ಮೊದಲಿಗಿಂತ ಹೆಚ್ಚು ರಭಸದಿಂದ ಹಾರುವದು. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಕೆಲವು ಸ್ಟಾರ್ಟ್ ಕಂಡೆನ್ಸರುಗಳ ತುದಿಗಳ ನಡುವೆ, ನಿಂತ ವಿದ್ಯುತ್ತು ತಾನೇ ಇಳಿಯಲೆಂದು, 15ರಿಂದ 20 ಸಾವಿರ ಓಮಿನ ಒಂದು ಚಿಕ್ಕ ರೆಸಿಸ್ಟರನ್ನು ಬೆಸೆದಿರುವರು. ಅದು ಇರುವಾಗ ಮುಳ್ಳು ಆ ಅಂಕಿಯ ಹತ್ತಿರವೇ ನಿಲ್ಲುವದು ಸಹಜ. ಅದರ ಒಂದು ಕಾಲನ್ನು ಬಿಡಿಸದೆ ಸೋರಿಕೆಯ ತೀರ್ಪು ಕೊಟ್ಟರೆ ಹೊಸ ಕಂಡೆನ್ಸರು ಕಸದ ತಿಪ್ಪೆಗೆ ಹೋಗುವದು.

ಅಂಕಿಯ ಮೀಟರಿನಲ್ಲಿ ಇದೇ ಓಟವು ಏರುವ ಸಂಖ್ಯೆಗಳಾಗಿ ಕಾಣುವದು. ಚಿಕ್ಕ ಸಂಖ್ಯೆಯಿಂದ ಮೊದಲಾಗಿ ಏರುತ್ತ ಹೋಗಿ ಕಡೆಗೆ ‘ಓ.ಎಲ್.’ ಎಂದಾಗಲಿ ಎಡತುದಿಯಲ್ಲಿ ಬರಿಯ ‘1’ ಎಂದಾಗಲಿ ನಿಲ್ಲುವದು. ಕಂಡೆನ್ಸರನ್ನೇ ಅಳೆಯುವ ಸ್ಥಾನವು ಮೀಟರಿನಲ್ಲಿದ್ದರೆ ಇನ್ನೂ ಒಳ್ಳೆಯದು, ಆದರೆ ಕೊಳ್ಳುವಾಗ ಅದರ ಮಿತಿಯನ್ನು ವಿಚಾರಿಸತಕ್ಕದ್ದು. ಅಗ್ಗದ ಅನೇಕ ಮೀಟರುಗಳು 20 ಮೈಕ್ರೋಫ್ಯಾರಡಿಗೇ ನಿಲ್ಲುವವು. ಅವುಗಳಿಂದ ಪಂಪಿನ ಕೆಲಸವಾಗದು. ಓದನ್ನು ಡಬ್ಬಿಯ ಮೇಲಿನ ಅಚ್ಚಿನೊಡನೆ ಹೋಲಿಸಬೇಕು. ಸ್ಟಾರ್ಟ್ ಕಂಡೆನ್ಸರಿನ ಮೇಲೆ ‘120–150 ಎಂ.ಎಫ್.ಡಿ.’ ಎಂಬಂತೆ ಎರಡು ಅಂಕಿಗಳಿದ್ದರೆ, ಅವುಗಳ ನಡುವಣ ಯಾವ ಓದಾದರೂ ಸರಿಯೇ. 120ಕ್ಕಿಂತ ಕೆಳಗಿಳಿದರೆ ಬದಲಿಸತಕ್ಕದ್ದು. ರನ್ ಕಂಡೆನ್ಸರಿನಲ್ಲಿ ಇಷ್ಟು ಸಡಿಲವಿಲ್ಲ. 36 ಎಂದು ಅಚ್ಚಾಗಿ ನೂರಕ್ಕೆ 5ರ ವ್ಯತ್ಯಾಸವನ್ನು ಬರೆದಿದ್ದರೆ 34.2ರಿಂದ 37.8ರವರೆಗಿನ ಓದು ಯೋಗ್ಯ; 32ಕ್ಕೆ ಇಳಿದರೆ ಮೋಟಾರು ತಿರುಗಿದರೂ ಬಲಗುಂದಿ ಕಾವೇರುವದು.

ಮೀಟರು ‘ಒಳ್ಳೆಯದು’ ಎಂದ ಮಾತನ್ನು ಎಷ್ಟು ನಂಬಬೇಕೆಂಬದು ಕೊಂಚ ಸೂಕ್ಷ್ಮದ ವಿಷಯ. ‘ಕೆಟ್ಟಿದೆ’ ಎಂಬ ಮಾತನ್ನು, ಮೇಲೆ ಹೇಳಿದ ಮೋಸಗಳನ್ನು ಕಳೆದು, ಪೂರ್ತಿ ನಂಬಬಹುದು. ‘ಒಳ್ಳೆಯದು’ ಎಂಬದನ್ನು ಹಾಗೆ ನಂಬಲಾಗದು. ಮೀಟರಿನೊಳಗಿನ ಬ್ಯಾಟರಿ ಕೆಲವೇ ವೋಲ್ಟಿನದು. ಆ ಅಲ್ಪ ಒತ್ತಡದಲ್ಲಿ ತಡೆದು ನಿಂತ ಪೊರೆಯು 230 ವೋಲ್ಟಿನ ರಭಸಕ್ಕೆ ಬಿರಿಯಬಹುದು. ಹೊರಿ ಬೆಳೆಯ ಹೊಲದ ಒಡ್ಡು ಕಾಲುವೆಯ ನೀರಿಗೆ ನಿಂತಿತೆಂದು ಹಳ್ಳದ ಮಹಾಪೂರಕ್ಕೂ ನಿಂತೀತೆನ್ನಲಾಗದಷ್ಟೆ. ಮೇಲಾಗಿ, ರಸವು ಅರೆಬರೆ ಆರಿದ ಕಂಡೆನ್ಸರಿನಲ್ಲಿ ಮೈಕ್ರೋಫ್ಯಾರಡಿನ ಓದು ಸರಿಯಾಗಿಯೇ ಬಂದು, ಒಳಗಿನ ತಡೆಯು ಮಾತ್ರ ಹೆಚ್ಚಿರುವದುಂಟು. ಈ ತಡೆಯನ್ನು ಅಳೆಯಲು ಬೇರೆಯೇ ಉಪಕರಣ ಬೇಕು, ಸಾಧಾರಣ ಮಲ್ಟಿಮೀಟರಿಗೆ ಅದು ಕಾಣಿಸದು. ಆದುದರಿಂದ ಮೀಟರು ಒಪ್ಪಿದ ಮೇಲೆಯೂ ಮೋಟಾರು ಗುಂಯ್ ಎನ್ನುತ್ತಿದ್ದರೆ, ಅದೇ ಅಳತೆಯ ಹೊಸ ಕಂಡೆನ್ಸರನ್ನು ಹಚ್ಚಿ ನೋಡುವದೇ ಕಡೆಯ ಪರೀಕ್ಷೆ. ಅದಕ್ಕೂ ಏಳದಿದ್ದರೆ, ಆಗ ಮುಕ್ಕಾಲಿಯನ್ನು ತರಿಸಬಹುದು.

ರನ್ ಕಂಡೆನ್ಸರನ್ನು ಕೆಲಸ ಮಾಡುತ್ತಿರುವಾಗಲೇ ಪರೀಕ್ಷಿಸುವ ಒಂದು ಲೆಕ್ಕ ಬಲ್ಲ ಮಿಸ್ತ್ರಿಗಳಿಗೆ ಗೊತ್ತಿದೆ. ಅದರ ತಂತಿಯಲ್ಲಿ ಹರಿಯುವ ಅಂಪಿಯರನ್ನು ಇಕ್ಕಳದಂತೆ ಹಿಡಿಯುವ ಕ್ಲ್ಯಾಂಪ್ ಮೀಟರಿನಿಂದಲೂ, ತುದಿಗಳ ನಡುವಣ ವೋಲ್ಟನ್ನು ಮಲ್ಟಿಮೀಟರಿನಿಂದಲೂ ಅಳೆದು, ಅಂಪಿಯರನ್ನು 3,183ರಿಂದ ಗುಣಿಸಿ ವೋಲ್ಟಿನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಸಿಕ್ಕುವದು. 300 ವೋಲ್ಟಿಗೆ 3.4 ಅಂಪಿಯರು ಹರಿದರೆ ಅದು ಸುಮಾರು 36 ಆಗುವದು. ನಿಜವಾದ ಒತ್ತಡದಲ್ಲಿಯೇ ಅಳೆಯುವದರಿಂದ ಇದರ ಸಾಕ್ಷ್ಯವು ಹೆಚ್ಚು ನಂಬಿಕೆಯದು. ಆದರೆ ಕರೆಂಟು ಹರಿಯುವ ಪೆಟ್ಟಿಗೆಯಲ್ಲಿ ಮಾಡುವ ಕೆಲಸವಾದುದರಿಂದ ಇದನ್ನು ಮಿಸ್ತ್ರಿಗೇ ಬಿಡತಕ್ಕದ್ದು. ಭೂಮಾಲೀಕರು ಲೆಕ್ಕವನ್ನು ಮಾತ್ರ ತಿಳಿದಿದ್ದರೆ ಮಿಸ್ತ್ರಿಯ ಮಾತನ್ನು ತೂಗಿ ನೋಡಬಹುದು.

2019ರಲ್ಲಿ ಮೊದಲಾದ ಪಿಎಂ-ಕುಸುಮ್ ಯೋಜನೆಯ ಮೂಲಕ ಸೂರ್ಯಶಕ್ತಿಯ ಪಂಪುಗಳು ಹೊಲಗಳಿಗೆ ಬಂದಿವೆ. ಅವುಗಳ ಕಂಟ್ರೋಲರ್ ಪೆಟ್ಟಿಗೆಯೊಳಗೂ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳಿರುವದು ಸಾಮಾನ್ಯ. ಆದರೆ ಇವು ಬೇರೆ ಕುಲದವು. ಇವುಗಳಿಗೆ ಧನ, ಋಣ ಎಂಬ ತುದಿಭೇದವುಂಟು, ತಿರುವುಮುರುವಾಗಿ ಹಚ್ಚಿದರೆ ಸಿಡಿಯುವವು. ಮುಳ್ಳಿನ ಮೀಟರುಗಳಲ್ಲಿ ಓಮ್ ಅಳತೆಯಲ್ಲಿರುವಾಗ ಬಹುತೇಕ ಕಪ್ಪು ಕಡ್ಡಿಯೇ ಧನವಾಗಿರುವದೆಂಬದನ್ನು ಇಂಥ ಕಂಡೆನ್ಸರಿನ ಪರೀಕ್ಷೆಯಲ್ಲಿ ನೆನಪಿಡಬೇಕು. ಅಂಕಿಯ ಮೀಟರುಗಳಲ್ಲಿ ಕೆಂಪೇ ಧನ. ಬಿಸಿಲಿರುವವರೆಗೆ ಆ ಪೆಟ್ಟಿಗೆಗೆ ಹಲಗೆಗಳಿಂದ ನೂರಾರು ವೋಲ್ಟು ಹರಿದು ಬರುತ್ತಲೇ ಇರುವದರಿಂದ ಒಕ್ಕಲಿಗರು ಅದನ್ನು ತೆರೆಯಲೇಕೂಡದು.

ಕಂಡೆನ್ಸರು ಪದೇ ಪದೇ ಕೆಡುತ್ತಿದ್ದರೆ ತಪ್ಪು ಬೇರೆಲ್ಲಿಯೋ ಇರುವದು. ಸ್ಟಾರ್ಟ್ ಕಂಡೆನ್ಸರು ಒಂದೆರಡು ಸೆಕೆಂಡಿನ ಕೆಲಸಕ್ಕಾಗಿಯೇ ಹುಟ್ಟಿದ್ದು. ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೂ, ರಿಲೇಯ ತುಟಿಗಳು ಅಂಟಿಕೊಂಡು ಬಿಡದೆ ಹೋದರೂ ಅದು ಕಾದು ಸಿಡಿಯುವದು. ವೋಲ್ಟು ಇಳಿದ ಹೊತ್ತಿನಲ್ಲಿ ಮೋಟಾರು ವೇಗಕ್ಕೆ ಬಾರದೆ ಇದ್ದಾಗ ಜನರು ಮತ್ತೆ ಮತ್ತೆ ಗುಂಡಿ ಒತ್ತುವರು. ಅದರಿಂದಲೂ ಇದೇ ಫಲ. ತ್ರೀ ಫೇಸ್ ಕರೆಂಟಿಲ್ಲದ ವೇಳೆಯಲ್ಲಿ ಕಂಡೆನ್ಸರುಗಳನ್ನು ಕಟ್ಟಿ ತ್ರೀ ಫೇಸ್ ಮೋಟಾರನ್ನು ಎಬ್ಬಿಸುವ ಚಾಳಿಯೂ ಹಲವೆಡೆ ಇದೆ. ಸ್ಟಾರ್ಟ್ ಕಂಡೆನ್ಸರನ್ನೇ ಹೀಗೆ ಕಾಯಮ್ಮಾಗಿ ಕಟ್ಟುವದು ಪೆಟ್ಟಿಗೆಯಲ್ಲಿ ಪಟಾಕಿ ಇಟ್ಟಂತೆ; ಮೋಟಾರಿಗೂ ಊರ ಟ್ರಾನ್ಸ್‌ಫಾರ್ಮರಿಗೂ ಅದರಿಂದ ಹಾನಿ. ಟ್ರಾನ್ಸ್‌ಫಾರ್ಮರು ಸುಟ್ಟರೆ ಒಬ್ಬನ ತಪ್ಪಿಗೆ ಇಡೀ ಓಣಿಯ ಬೆಳೆ ಒಣಗುವದಾದುದರಿಂದ ಗ್ರಾಮದ ಹಿರಿಯರು ಇದನ್ನು ತಮ್ಮ ಮಾತಿನಿಂದಲೇ ನಿಲ್ಲಿಸಬಹುದು.

ಹೊಸ ಕಂಡೆನ್ಸರನ್ನು ತರಲು ಹೋಗುವಾಗ ಹಳೆಯದನ್ನು ಕೈಯಲ್ಲಿಯೇ ಒಯ್ಯತಕ್ಕದ್ದು. ಮೈಕ್ರೋಫ್ಯಾರಡ್ ಅದೇ ಇರಬೇಕು. ವೋಲ್ಟಿನ ಅಂಕಿ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಕೂಡದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರ ಪೊರೆಯು ಕೆಲಸವಿಲ್ಲದೆಯೇ ಸವೆದಿರುವದರಿಂದ ತಯಾರಿಕೆಯ ತಿಂಗಳನ್ನು ನೋಡಿ ಕೊಳ್ಳುವದು ಒಳಿತು. ಎರಡನ್ನು ತಂದು, ಹಚ್ಚಿದುದರ ಮೈಮೇಲೆ ಆ ದಿನದ ತಾರೀಖನ್ನು ಬರೆದು, ಇನ್ನೊಂದನ್ನು ಮನೆಯೊಳಗೆ ತಂಪಾದ ಗೂಡಿನಲ್ಲಿ ಮೀಟರಿನ ಜೊತೆಗೆ ಇಡತಕ್ಕದ್ದು. ಪೆಟ್ಟಿಗೆಯ ಮೇಲೆ ಬಿಸಿಲು ಬೀಳದಂತೆ ಗಾಳಿಯಾಡುವ ಒಂದು ಚಪ್ಪರವನ್ನು ಮಾರ್ಚಿ ತಿಂಗಳಿನೊಳಗಾಗಿ ಕಟ್ಟಿಸಬೇಕು.